ಅತ್ತೆಯ ಮೇಕೆ

ಫೆಬ್ರುವರಿ 7, ಗುರುವಾರ, ಬೆಳಿಗ್ಗೆ 6 ಗಂಟೆ 40 ನಿಮಿಷಕ್ಕೆ ನನ್ನ ಸೋದರತ್ತೆ ಚಂದ್ರಭಾಗಾ ತಮ್ಮ ಗೇಮನ್ನು ಅಕ್ಕಿ ಡಬ್ಬದ ಮೇಲೆ ಬೋರಲು ಹಾಕಿ, "ಇನ್ಮೇಲೆ ನಾನು ಎಲ್ಲಿಗೂ ಹೋಗಲ್ಲ," ಎಂದರು. ಅವರ ಮೇಕೆ ಎರಡನೇ ಸೇತುವೆಯಿಂದ ಮತ್ತೆ ನೀರಿಗೆ ಬಿದ್ದಿತ್ತು. ನಾನು ಪಾಠ ಮಾಡುವ ಕಾಲೇಜಿಗೆ ಹೊರಡಲು ಜಡೆ ಹಾಕಿಕೊಳ್ಳುತ್ತಿದ್ದೆ.

ನಮ್ಮೂರಿನಲ್ಲಿ ಓಣಿಗಳು ರಾತ್ರಿ ಜಾಗ ಬದಲಿಸುತ್ತವೆ. ಮನೆಗಳು ಅಲ್ಲೇ ಇರುತ್ತವೆ, ಪಕ್ಕದ ಮನೆಯವರೂ ಅವರೇ. ಯಾವ ಓಣಿ ಹೋಗಿ ಯಾವುದಕ್ಕೆ ಸೇರುತ್ತದೆ ಎಂಬುದು ಮಾತ್ರ ದಿನಾ ಬೇರೆ. ಬೆಳಿಗ್ಗೆ ಆರಕ್ಕೆ ಎಲ್ಲರ ಗೇಮೂ ಬೆಳಗುತ್ತದೆ. ಅಂಗೈಯಗಲದ ಪರದೆ, ಎರಡು ಪಕ್ಕದಲ್ಲಿ ಗುಂಡಿಗಳು, ಪರದೆಯಲ್ಲಿ ಆ ದಿನದ ಓಣಿಗಳು, ನಡುನಡುವೆ ಇಳಿದು ಏಳುವ ಮೂರು ಸೇತುವೆಗಳು ಮತ್ತು ಒಂದು ಕರಿ ಮೇಕೆ. ಮೇಕೆಯನ್ನು ದಾರಿಯ ತುದಿಯಲ್ಲಿ ತೂಗುವ ಗಂಟೆಯವರೆಗೆ ನಡೆಸಿ ಅದನ್ನು ಬಾರಿಸಿದರೆ ಆ ದಿನದ ದಾರಿ ಕಾಲಿಗೆ ಬರುತ್ತದೆ. ತಲೆಗಲ್ಲ, ಕಾಲಿಗೆ. ಹಾಗಾಗಿ ನಮ್ಮೂರಲ್ಲಿ ಯಾರೂ ಯಾರಿಗೂ ದಾರಿ ಹೇಳುವುದಿಲ್ಲ, ಮದುವೆ ಪತ್ರಿಕೆಯಲ್ಲಿ ವಿಳಾಸ ಹಾಕುವುದಿಲ್ಲ. ಆಟ ಮುಗಿಸದೆ ಹೊರಟವರು ಎತ್ತ ತಿರುಗಿದರೂ ಸ್ವಲ್ಪ ಹೊತ್ತಿಗೆ ತಾವು ಹೊರಟ ಬಾಗಿಲ ಮುಂದೆಯೇ ಬಂದು ನಿಲ್ಲುತ್ತಾರೆ. ಅಂಥವರು ಕೂತು ಸುಧಾರಿಸಿಕೊಳ್ಳಲೆಂದು ಪ್ರತಿ ಮನೆಯ ಹೊರಗೂ ಒಂದು ಕಲ್ಲುಕಟ್ಟೆ ಇದೆ. ಅಲ್ಲಿ ಕೂತವರನ್ನು ಕಂಡರೆ ದಾರಿಹೋಕರು "ಇವತ್ತು ಕಟ್ಟೇನಾ?" ಎಂದು ಕೇಳಿಯೇ ಮುಂದೆ ಹೋಗುತ್ತಾರೆ. ಆಟ ಮುಗಿಸಿದ ಇನ್ನೊಬ್ಬರ ಕೈಯನ್ನೋ ಚೀಲವನ್ನೋ ಹಿಡಿದರೆ ಅವರು ಹೋದಲ್ಲಿಗೆ ಹೋಗಬಹುದು. ಆದರೆ ನಮ್ಮ ಗೇಮನ್ನು ಇನ್ನೊಬ್ಬರಿಂದ ಆಡಿಸುವಂತಿಲ್ಲ. ನಮ್ಮ ಬೀದಿಯ ದರ್ಜಿ ಜ್ವರ ಬಂದಾಗ ಒಮ್ಮೆ ಮಗನಿಂದ ಆಡಿಸಿದ್ದ. ಅಂಗಡಿಗೆಂದು ಹೊರಟವನು ಮೂರನೇ ತರಗತಿಯ ಹಿಂದಿನ ಬೆಂಚಿನಲ್ಲಿ ಹೋಗಿ ಕೂತ. ಯಾವ ಕೈ ಆಡಿತೋ ಕಾಲು ಆ ಕೈಯವರ ದಾರಿಯನ್ನೇ ಹಿಡಿಯುತ್ತದೆ.

ಅತ್ತೆಯ ಕೈಗೆ ಚಳಿಗಾಲದ ಮೊದಲಲ್ಲಿ ನಡುಕ ಶುರುವಾಯಿತು. ಒಂದು ಸಲ ಒತ್ತಬೇಕಾದ ಗುಂಡಿಯನ್ನು ಬೆರಳು ಎರಡು ಮೂರು ಸಲ ಒತ್ತುತ್ತಿತ್ತು. ಓಣಿಗಳಲ್ಲಿ ಹೇಗೋ ಗೋಡೆಗೆ ಹಾಯುತ್ತ ಹೋಗುತ್ತಿದ್ದ ಮೇಕೆ, ಕಣ್ಣುಮುಚ್ಚಿ ತೆರೆಯುವುದರೊಳಗೆ ಎದ್ದುಬಿಡುವ ಆ ಸೇತುವೆಗಳಲ್ಲಿ ತಪ್ಪದೆ ಬೀಳುತ್ತಿತ್ತು. ಎರಡು ತಿಂಗಳಿಂದ ನಾನೇ ಅವರ ಕೈ ಹಿಡಿದು, ಕಾಲೇಜಿಗೆ ಹೋಗುವಾಗ ಅವರ ಗೆಳತಿ ಜುಲೇಖಾರ ಮನೆಗೆ ಬಿಟ್ಟು, ಸಂಜೆ ಕರೆದುಕೊಂಡು ಬರುತ್ತಿದ್ದೆ. ಇಬ್ಬರೂ ಹರೆಯದಿಂದ ದಿನವಿಡೀ ಚೌಕಾಬಾರ ಆಡಿಕೊಂಡು ಬಂದವರು.

"ಯಾಕತ್ತೆ, ನಾನು ಕರ್ಕೊಂಡು ಹೋಗ್ತೀನಲ್ಲ," ಎಂದೆ.

"ಹೂಂ, ಇಸ್ತ್ರಿಗೆ ಕೊಟ್ಟ ಸೀರೆ ಥರ. ಬೆಳಿಗ್ಗೆ ಕೊಡ್ತೀಯ, ಸಾಯಂಕಾಲ ಇಸ್ಕೊಂಡು ಬರ್ತೀಯ."

"ಜುಲೇಖಮ್ಮನ ಮನೇಲಿ ಇರೋದು ನಿಮಗೇನು ಹೊಸದಾ?"

"ಇರೋದಕ್ಕಲ್ಲ ಕಣೇ ಪ್ರಭಾ. ಎದ್ದು ಬರೋದಕ್ಕೆ. ನಿನ್ನೆ ನನ್ನ ಕೊನೇ ಕಾಯಿ ಹಣ್ಣಾಗೋ ಹೊತ್ತಿಗೆ ಅವಳು ಕವಡೆ ಮಗುಚಿದ್ಲು. ಗಾಳಿ ಅಂತೆ. ಮೊದಲಾಗಿದ್ರೆ ಚಪ್ಪಲಿ ಮೆಟ್ಕೊಂಡು ಎದ್ದುಬರ್ತಿದ್ದೆ. ನಿನ್ನೆ ಎಲ್ಲಿಗೆ ಬರ್ಲಿ? ಅವಳ ಎದುರಿಗೇ ಮುಖ ಊದಿಸ್ಕೊಂಡು ಕೂತಿದ್ದೆ. ಟೀ ಮಾಡಿ ತಂದ್ಲು. ಕುಡೀಬೇಕಾಯ್ತು." ಬೋರಲು ಹಾಕಿದ್ದ ಗೇಮನ್ನು ಇನ್ನಷ್ಟು ಹಿಂದಕ್ಕೆ ತಳ್ಳಿ, "ಸಿಟ್ಟು ಬಂದಾಗ ಎದ್ದು ಹೋಗೋಕಾಗದ ಮನೆಗೆ ನಾನು ಹೋಗಲ್ಲ," ಎಂದರು.

ಅಂದು ಅವರು ನಿಜವಾಗಿಯೂ ಬರಲಿಲ್ಲ. ನನ್ನ ಜೊತೆ ಹೊರಟವನು ಪಕ್ಕದ ಮನೆಯ ಪದ್ಮರಾಜ ಒಬ್ಬನೇ. ಅವನು ಶಾಲೆಯಲ್ಲಿ ನನ್ನ ಸಹಪಾಠಿ, ಈಗ ನಮ್ಮ ಕಾಲೇಜಿನ ಕ್ಯಾಂಟೀನು ನಡೆಸುತ್ತಾನೆ. ಅವನ ಗೇಮು ಮೂರು ವರ್ಷದಿಂದ ನೀಲಿಯಾಗಿದೆ. ಎಂಟು ಗಂಟೆಯವರೆಗೆ ಮಲಗಬೇಕೆಂಬ ಆಸೆಗೆ ಯಾರಿಂದಲೋ ಒಂದು ಮೆಮೊರಿ ಕಾರ್ಡಿನಲ್ಲಿ ಬದಲಿ ಫರ್ಮ್‌ವೇರ್ ತಂದು ಮೂಲದ ಜಾಗಕ್ಕೇ ಹಾಕಿದ್ದ. ಫರ್ಮ್‌ವೇರ್ ಎಂದರೆ ಗೇಮಿನೊಳಗೆ ಕಾಯಮ್ಮಾಗಿ ಕೂತು, ಗುಂಡಿ ಒತ್ತಿದರೆ ಏನು ಮಾಡಬೇಕು ಎಂದು ಅದಕ್ಕೆ ಹೇಳಿಕೊಡುವ ತಂತ್ರಾಂಶ. ಅವನದರಲ್ಲಿ ಮೇಕೆ ಒಂದೇ ನೆಗೆತಕ್ಕೆ ಗಂಟೆಯ ಹತ್ತಿರ ಹೋಗಿ ನಿಲ್ಲುತ್ತಿತ್ತು. ಸಂಜೆ ಬೀದಿದೀಪ ಹತ್ತುವಾಗ ಪ್ರತಿ ಗೇಮೂ ಆ ದಿನ ಯಾವ ಗುಂಡಿಯನ್ನು ಯಾವ ಕ್ಷಣದಲ್ಲಿ ಒತ್ತಲಾಯಿತು ಎಂದು ದಾರಿಕಚೇರಿಗೆ ವರದಿ ಕಳಿಸುತ್ತದೆ. ಪದ್ಮರಾಜನ ವರದಿಯಲ್ಲಿ ಒತ್ತಿದ ಗುಂಡಿಗಳೇ ಇರಲಿಲ್ಲ. ವಾರದೊಳಗೆ ಪರದೆ ನೀಲಿಯಾಗಿ, 'ಈ ಪೆಟ್ಟಿಗೆಗೆ ಇನ್ನು ದಾರಿ ಇಲ್ಲ' ಎಂಬ ಸಾಲು ಬಂತು. ಒಬ್ಬರಿಗೆ ಜೀವಮಾನಕ್ಕೆ ಒಂದೇ ಗೇಮು. ಅಂದಿನಿಂದ ಅವನು ನನ್ನ ಬ್ಯಾಗಿನ ಪಟ್ಟಿ ಹಿಡಿದು ಬರುತ್ತಾನೆ.

"ಆ ಕಾರ್ಡು ಇನ್ನೂ ಇದೆಯಾ?" ಎಂದು ಕೇಳಿದೆ.

ಅವನು ನಿಂತುಬಿಟ್ಟ. ಪಟ್ಟಿ ಜಗ್ಗಿ ನಾನೂ ನಿಂತೆ. "ಯಾಕೆ? ಎಮ್ಮೆಸ್ಸಿ ಓದಿದವರಿಗೂ ನಿದ್ದೆ ಸಾಲ್ತಿಲ್ವಾ?"

ಅತ್ತೆಯ ವಿಷಯ ಹೇಳಿದೆ. ಅವನು ನಗಲಿಲ್ಲ. ಕಾಲೇಜಿನ ಗೇಟು ಬರುವವರೆಗೂ ಯೋಚಿಸಿ, "ಕಾರ್ಡು ಕೊಡ್ತೀನಿ. ಆದ್ರೆ ನಾನು ಮಾಡಿದ್ದು ಯಾವುದನ್ನೂ ಮಾಡ್ಬೇಡ," ಎಂದ. "ಒಳಗಿರೋ ಮೂಲ ಫರ್ಮ್‌ವೇರ್ ಮುಟ್ಟಬೇಡ, ಕಾರ್ಡಿಂದಲೇ ಶುರು ಮಾಡಿಸು. ದೀಪ ಹತ್ತೋಕೆ ಮುಂಚೆ ಕಾರ್ಡು ತೆಗೆದು, ಪೂರ್ತಿ ಆಫ್ ಮಾಡಿ, ಮೂಲದಲ್ಲಿ ಆನ್ ಮಾಡು. ವರದಿ ಹೋಗೋವಾಗ ಕಾರ್ಡು ಒಳಗಿದ್ರೆ ಕಥೆ ಮುಗೀತು. ಇನ್ನೊಂದು, ಆಸೆ ಬೀಳ್ಬೇಡ. ಮೇಕೆಗೆ ರೆಕ್ಕೆ ಹಾಕ್ಬಹುದು, ಬಣ್ಣ ಹಾಕ್ಬಹುದು, ಎಲ್ಲಾ ಇದೆ ಅದರಲ್ಲಿ. ಯಾವುದೂ ಬೇಡ. ಮೇಕೆ ಮೇಕೆ ಹಾಗೇ ಇರ್ಲಿ."

ಭಾನುವಾರ ಇಡೀ ದಿನ ಕೂತು ಕೆಲಸ ಮಾಡಿದೆ. ಮೊದಲು ಅತ್ತೆಯ ಗೇಮಿನ ಮೂಲ ಸ್ಮೃತಿಯ ಒಂದು ಪ್ರತಿ ತೆಗೆದಿಟ್ಟೆ. ಪ್ರಯೋಗಗಳನ್ನೆಲ್ಲ ಪದ್ಮರಾಜನ ಸತ್ತ ಗೇಮಿನಲ್ಲೇ ಮಾಡಿದೆ. ಕಾರ್ಡು ಹಾಕಿದರೆ ಅದು ಆಟವಾಡುತ್ತಿತ್ತು, ದಾರಿ ಮಾತ್ರ ಕೊಡುತ್ತಿರಲಿಲ್ಲ. ಅತ್ತೆಯ ಕೈಗೆ ಅದನ್ನು ಕೊಟ್ಟು, ಅವರು ಒತ್ತಿದ್ದನ್ನೆಲ್ಲ ಗೆರೆಯಾಗಿ ಎಳೆದು ನೋಡಿದೆ. ಬೇಕೆಂದು ಒತ್ತಿದ್ದು ಯಾವುದು, ನಡುಕ ಒತ್ತಿಸಿದ್ದು ಯಾವುದು ಎಂದು ಬೇರ್ಪಡಿಸಬೇಕಿತ್ತು. ಬೇರ್ಪಡಿಸಲು, ನಡುಕವಿಲ್ಲದ ಕೈ ಹೇಗೆ ಒತ್ತುತ್ತದೆ ಎಂಬ ಒಂದು ಮಾನದಂಡ ಬೇಕಿತ್ತು. ಹತ್ತಿರದಲ್ಲೇ ಇದ್ದದ್ದು ನನ್ನ ಕೈ. ಅದೇ ಓಣಿಗಳನ್ನು ನಾನು ಹಲವು ಸಲ ಆಡಿ, ಅತ್ತೆ ಗುಂಡಿ ಒತ್ತಿದಾಗ ಆ ಒತ್ತನ್ನು ನಾನು ಒತ್ತಬಹುದಾಗಿದ್ದ ಕ್ಷಣಕ್ಕೆ ಎಳೆದು ತರುವಂತೆ ಫರ್ಮ್‌ವೇರ್ ತಿದ್ದಿದೆ. ಲೋಲಕದ ಪ್ರಯೋಗದಲ್ಲಿ ಗಾಳಿಯ ದೋಷವನ್ನು ಕಳೆಯುವ ಹಾಗೆ ನಡುಕವನ್ನು ಕಳೆದೆ. ಸಂಜೆ ಗೆರೆ ನೋಡಿದರೆ ಎಷ್ಟು ನುಣುಪಾಗಿತ್ತೆಂದರೆ, ಒಬ್ಬಳೇ ಕೂತು ನಕ್ಕೆ.

ಸೋಮವಾರ ಅತ್ತೆಯ ಮೇಕೆ ಮೂರು ಸೇತುವೆಗಳನ್ನೂ ದಾಟಿ ಗಂಟೆ ಬಾರಿಸಿತು. ಅತ್ತೆ ಪರದೆಯನ್ನು ನೋಡಿದರು, ತಮ್ಮ ಬೆರಳುಗಳನ್ನು ನೋಡಿದರು. ಆಮೇಲೆ ಸೀರೆ ಬದಲಾಯಿಸಿ, ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತಿದ್ದ ನನಗೆ "ಹಿಂದೆ ಬಂದೀಯ ಮತ್ತೆ," ಎಂದು ಹೇಳಿ ಓಣಿಗೆ ಇಳಿದರು. ಸಂಜೆ ನಾನು ಮನೆ ಸೇರುವ ಹೊತ್ತಿಗೆ ಅವರೂ ಬಂದರು. ಮಂಗಳವಾರವೂ ಹಾಗೆಯೇ. "ಕಾಲು ಯಾಕೋ ಅವಳ ಮನೇಲಿ ನಿಲ್ತಾನೇ ಇಲ್ಲ, ಹೊರಡು ಹೊರಡು ಅಂತ ತುಡೀತಿರತ್ತೆ," ಎಂದರು. ಬಹಳ ದಿನಗಳ ನಂತರ ನಡೆದ ಕಾಲು, ಹಾಗಾಗುತ್ತದೆ ಎಂದು ನಾನೇ ಸಮಾಧಾನ ಹೇಳಿದೆ.

ಬುಧವಾರ ಮಧ್ಯಾಹ್ನ ಎರಡನೇ ವರ್ಷದವರಿಗೆ ಬೆಳಕಿನ ವಕ್ರೀಭವನದ ಪ್ರಯೋಗ ಮಾಡಿಸುತ್ತಿದ್ದೆ. ಬಾಗಿಲ ಬಳಿ ಹುಡುಗಿಯರು ಮಾತು ನಿಲ್ಲಿಸಿದರು. ತಿರುಗಿ ನೋಡಿದರೆ ಅತ್ತೆ. ಬೆವರಿದ್ದರು, ಕೈಯಲ್ಲಿ ಎಲೆಅಡಿಕೆ ಚೀಲ, ಮುಖದಲ್ಲಿ ಇನ್ನೂ ಆರದ ಸಿಟ್ಟು.

"ಅತ್ತೆ, ಏನಾಯ್ತು?"

"ಅದನ್ನ ನೀನು ಹೇಳು," ಎಂದರು. "ಅವಳು ಇವತ್ತೂ ಕವಡೆ ಮಗುಚಿದ್ಲು. ಎದ್ದೆ. 'ಹೋಗು ಹೋಗು ಚಂದ್ರಿ' ಅಂದ್ಲು. ಹೊರಟೆ. ನಾನು ಹೊರಟಿದ್ದು ಮನೆಗೆ. ಈ ಕಾಲು ನನ್ನ ಇಲ್ಲಿಗೆ ಯಾಕೆ ತಂತು?"

ಹುಡುಗಿಯೊಬ್ಬಳು ಸ್ಟೂಲು ತಂದು ಹಾಕಿದಳು. ಅತ್ತೆ ಕೂರಲಿಲ್ಲ. ನನ್ನ ಮೇಜಿನ ಹಿಂದೆ, ದಿನವೂ ಆ ಹೊತ್ತಿಗೆ ನಾನು ನಿಲ್ಲುವ ಜಾಗದಲ್ಲಿ, ಅವರ ಕಾಲು ತಾನಾಗಿ ಹೋಗಿ ನಿಂತಿತು.

ಆಗ ನನಗೆ ದರ್ಜಿಯ ನೆನಪಾಯಿತು. ಬೆಳಿಗ್ಗೆ ಜುಲೇಖಾರ ಮನೆ, ಸಂಜೆ ನಮ್ಮ ಮನೆ: ಎರಡು ತಿಂಗಳಿಂದ ನನ್ನ ಕಾಲಿಗೂ ಅದೇ ರೂಢಿ. ಅವರು ಆ ಎರಡು ದಿನ ಹೋದದ್ದೂ ಬಂದದ್ದೂ ನನ್ನ ಕಾಲಲ್ಲಿ. ರೂಢಿಯ ಹೊತ್ತು ಬಿಟ್ಟು ಎದ್ದ ಕೂಡಲೇ ಅದು ಅವರನ್ನು ನಾನಿದ್ದಲ್ಲಿಗೆ ತಂದು ನಿಲ್ಲಿಸಿತು. ನಾನು ಅವರ ಕೈಯ ದೋಷವನ್ನು ಕಳೆದಿರಲಿಲ್ಲ. ಅವರ ಕೈಯನ್ನೇ ಕಳೆದು, ಆ ಜಾಗದಲ್ಲಿ ನನ್ನದನ್ನು ಇಟ್ಟಿದ್ದೆ.

ಸಂಜೆ ಮನೆಗೆ ಬಂದು ಕಾರ್ಡು ತೆಗೆದು ಮೂಲದಲ್ಲಿ ಆನ್ ಮಾಡಿದೆ. ದೀಪ ಹತ್ತಿತು, ವರದಿ ಹೋಯಿತು. ಅತ್ತೆಯ ಪರದೆ ಹಳದಿಯಾಯಿತು. ಅದರ ಹಿಂದೆಯೇ ನನ್ನದೂ. ಎರಡರಲ್ಲೂ ಒಂದೇ ಸಾಲು: 'ಎರಡು ಪೆಟ್ಟಿಗೆ, ಒಂದೇ ಕೈ. ನಾಳೆ ಮತ್ತೆ ನೋಡಲಾಗುವುದು.'

ಪದ್ಮರಾಜ ಬೇಲಿ ದಾಟಿ ಬಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ. "ನನಗೆ ಹಳದಿ ಬರಲೇ ಇಲ್ಲ, ನೇರವಾಗಿ ನೀಲಿ," ಎಂದ. "ನಿಮ್ಮ ಮೇಲೆ ಮರ್ಯಾದೆ ಇದೆ ಅನ್ಸತ್ತೆ."

"ಲೋ ಪದ್ಮ, ನಿನ್ನ ನಗೆ ಆಮೇಲಿರ್ಲಿ," ಎಂದು ಅತ್ತೆ ಗದರಿದರು. "ನಾಳೆ ನಾನು ಆಡದೇ ಇದ್ರೆ?"

"ಏನೂ ಆಗಲ್ಲ. ಆಡದವರ ವರದಿಯೇ ಹೋಗಲ್ಲ. ಇಬ್ಬರದೂ ಮೊದಲಿನ ಹಾಗೆ ಬಿಳಿಯಾಗತ್ತೆ."

"ಹಾಗಿದ್ರೆ ಆಯ್ತು, ನನ್ನ ಗೇಮನ್ನ ಎತ್ತಿಟ್ಟುಬಿಡು," ಎಂದು ಅತ್ತೆ ನನ್ನತ್ತ ತಿರುಗಿದರು. "ನಿಂದೂ ನೀಲಿಯಾದ್ರೆ ನಿನ್ನ ಕಾಲೇಜಿಗೆ ಯಾರು ಕರ್ಕೊಂಡು ಹೋಗ್ತಾರೆ? ಇವನಾ?"

"ನನ್ನನ್ನ ಯಾರು ಕರ್ಕೊಂಡು ಹೋಗ್ತಾರೆ ಅಂತ ನಾನು ಯೋಚಿಸ್ತಿದೀನಿ," ಎಂದ ಪದ್ಮರಾಜ.

ನಾನು ಭಾನುವಾರ ಎಳೆದ ಗೆರೆಗಳನ್ನು ಹರಡಿಕೊಂಡು ಕೂತೆ. ಅತ್ತೆಯ ಮೂಲ ಗೆರೆ ಗರಗಸದ ಹಲ್ಲಿನಂತಿತ್ತು. ಆ ಹಲ್ಲುಗಳನ್ನು ನಾನು ದೋಷವೆಂದು ಕರೆದಿದ್ದೆ. ಪ್ರಯೋಗಾಲಯದಲ್ಲಿ ಅಳೆಯುವ ವಸ್ತು ಬೇರೆ, ಅಳತೆಗೆ ಅಡ್ಡಬರುವುದು ಬೇರೆ ಎಂದು ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ. ಇಲ್ಲಿ ಅವೆರಡೂ ಬೇರೆಯಾಗಿರಲಿಲ್ಲ. ಊರಿನಲ್ಲಿ ಇನ್ನಾರೂ ಹಾಗೆ ಒತ್ತುವುದಿಲ್ಲ. ನಡುಕದೊಡನೆ ಒತ್ತುವ ಆ ಕೈಯೇ ಈಗ ಅತ್ತೆಯ ಕೈ. ಅದನ್ನು ಮುಟ್ಟಬಾರದು. ಹಾಗಿದ್ದರೆ ಮುಟ್ಟಬಹುದಾದದ್ದು ಯಾವುದು? ಓಣಿಗಳಲ್ಲಿ ಅವರ ಮೇಕೆ ಎಡವಿದರೂ ಮುಂದೆ ಹೋಗುತ್ತಿತ್ತು. ನಿಜವಾದ ಅಡ್ಡಿ ಇದ್ದದ್ದು ಸೇತುವೆಗಳ ಅವಸರದಲ್ಲಿ.

"ಪದ್ಮ, ಸೇತುವೆ ಏಳೋ ಹೊತ್ತನ್ನ ಕಾರ್ಡಲ್ಲಿ ಬದಲಾಯಿಸ್ಬಹುದಾ?"

"ಬದಲಾಯಿಸ್ಬಹುದು. ಯಾರೂ ಮುಟ್ಟಲ್ಲ ಅದನ್ನ. ರೆಕ್ಕೆ ಇರೋವಾಗ ಸೇತುವೆ ಯಾರಿಗೆ ಬೇಕು?"

"ವರದಿಯಲ್ಲಿ ಸೇತುವೆ ವಿಷಯ ಹೋಗತ್ತಾ?"

"ಕೈ ವಿಷಯ ಮಾತ್ರ ಹೋಗತ್ತೆ ಅಂತ ನಾನಂದ್ಕೊಂಡಿದೀನಿ. ಗ್ಯಾರಂಟಿ ಕೊಡು ಅಂದ್ರೆ ನನ್ನ ಪರದೆ ತೋರಿಸ್ತೀನಿ, ನೋಡ್ಕೋ."

ನಾನು ಕೈಗೆ ಸಂಬಂಧಿಸಿದ ತಿದ್ದುಪಡಿಯನ್ನೆಲ್ಲ ಅಳಿಸಿದೆ. ಸೇತುವೆಗಳು ಕೆಳಗಿಳಿದ ಮೇಲೆ ಸ್ವಲ್ಪ ಹೆಚ್ಚು ಹೊತ್ತು ಕಾಯುವಂತೆ ಮಾಡಿದೆ, ಅಷ್ಟೆ. ಪದ್ಮರಾಜನ ಗೇಮಿನಲ್ಲಿ ಅತ್ತೆಯಿಂದ ಆಡಿಸಿ, ಅವರ ಮೇಕೆ ದಾಟಲು ಎಷ್ಟು ಬೇಕೋ ಅಷ್ಟಕ್ಕೇ ನಿಲ್ಲಿಸಿದೆ. ಕಾರ್ಡನ್ನು ಅತ್ತೆಯ ಮುಂದಿಟ್ಟು, "ಇದು ನಿಮ್ಮ ಕೈಯನ್ನ ಮುಟ್ಟಲ್ಲ. ಆದ್ರೆ ನನ್ನ ಲೆಕ್ಕ ತಪ್ಪಿದ್ರೆ ನಾಳೆ ನಿಮ್ಮದು ನೀಲಿಯಾಗತ್ತೆ, ನಂದೂ ಆಗಬಹುದು. ನನಗೆ ಒಪ್ಪಿಗೆ. ನೀವು ಹೇಳಿ," ಎಂದೆ.

ಅತ್ತೆ ಒಲೆಯ ಕಡೆ ಎದ್ದುಹೋದರು. ಬೇಯುತ್ತಿದ್ದ ಅನ್ನವನ್ನು ಇಳಿಸಿ, ಗಂಜಿ ಬಸಿದು, ಕೈ ಒರೆಸಿಕೊಂಡು ಬಂದರು.

"ನಾಳೆ ಈ ಕಾಲು ಯಾರದ್ದಾಗಿರತ್ತೆ?"

"ನಿಮ್ಮದೇ."

"ನೋಡೋಣ," ಎಂದು ಕಾರ್ಡನ್ನು ತೆಗೆದು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡರು.

ಗುರುವಾರ ಬೆಳಿಗ್ಗೆ ಅತ್ತೆ ಕಾರ್ಡನ್ನು ಚೀಲದಿಂದ ತೆಗೆದುಕೊಟ್ಟರು, ನಾನು ಅವರ ಗೇಮಿಗೆ ಹಾಕಿದೆ. ಆ ಮೇಕೆ ಗುದ್ದದ ಗೋಡೆಯಿರಲಿಲ್ಲ. ಎರಡು ಹೆಜ್ಜೆ ಮುಂದೆ ಹೋಗಿ ಒಂದು ಹೆಜ್ಜೆ ಹಿಂದೆ ಬರುತ್ತಿತ್ತು, ಒಂದೆಡೆ ಸುಮ್ಮನೆ ಗಿರಗಿರ ತಿರುಗಿತು. "ಹಾಳು ಮೇಕೆ, ಕುಡಿದಿದೆಯೇನೋ," ಎಂದು ಅತ್ತೆ ಬಯ್ಯುತ್ತಲೇ ಇದ್ದರು. ನಾನು ನನ್ನದನ್ನು ಮುಗಿಸಿ, ಕಾಫಿ ಮಾಡಿ, ಅವರ ಲೋಟ ಆರುವವರೆಗೂ ಅವರದು ಮುಗಿಯಲಿಲ್ಲ. ಸೇತುವೆಗಳು ಕಾದವು. ಕೊನೆಗೆ ಗಂಟೆ ಬಾರಿಸಿದಾಗ ಅವರು ಆರಿದ ಕಾಫಿಯನ್ನೇ ಕುಡಿದು, ನನ್ನ ಕಡೆ ನೋಡದೆ ಹೊರಟರು.

ಸಂಜೆ ಪದ್ಮರಾಜನೂ ನಾನೂ ಜುಲೇಖಾರ ಮನೆಯ ಮುಂದೆ ಬಂದಾಗ ಅವರು ಬಾಗಿಲಲ್ಲೇ ನಿಂತಿದ್ದರು. "ಚಂದ್ರಿ ಮಧ್ಯಾಹ್ನವೇ ಎದ್ದು ಹೋದ್ಲಲ್ಲ. ಇವತ್ತು ನಾನು ಕವಡೆ ಮಗುಚೇ ಇರ್ಲಿಲ್ಲ, ಆದ್ರೂ ಎದ್ದು ಹೋದ್ಲು. ಮನೇಲಿ ಇಲ್ವಾ?"

ನಾನು ಕಾಲೇಜಿನಿಂದಲೇ ಬಂದಿದ್ದೆ. ಅಲ್ಲಿಗೆ ಅತ್ತೆ ಬಂದಿರಲಿಲ್ಲ. ಮನೆಯವರೆಗೂ ಹೆಚ್ಚುಕಡಿಮೆ ಓಡಿದೆವು. ಬಾಗಿಲಿಗೆ ಬೀಗ. ಕಟ್ಟೆ ಖಾಲಿ. ಗೇಮು ಅವರ ಜೊತೆಯಲ್ಲೇ ಇತ್ತು, ಕಾರ್ಡು ಇನ್ನೂ ಗೇಮಿನೊಳಗೇ ಇರಬೇಕು. ದಿನವೂ ಅದನ್ನು ತೆಗೆಯುತ್ತಿದ್ದವಳು ನಾನು. ಹೇಗೆ ತೆಗೆಯುವುದೆಂದು ಅವರಿಗೆ ಒಮ್ಮೆಯೂ ತೋರಿಸಿಕೊಟ್ಟಿರಲಿಲ್ಲ. ತೋರಿಸಬೇಕೆಂದು ಹೊಳೆದೇ ಇರಲಿಲ್ಲ.

"ಹುಡುಕೋಕೆ ಹೋಗೋಣ್ವಾ?" ಎಂದ ಪದ್ಮರಾಜ.

"ಎಲ್ಲಿಗೆ ಅಂತ?" ಎಂದೆ. ನನ್ನ ಕಾಲಿಗೆ ಗೊತ್ತಿದ್ದದ್ದು ನನ್ನ ದಾರಿಗಳು ಮಾತ್ರ.

ಬೀದಿದೀಪ ಹತ್ತಿತು. ನನ್ನ ಗೇಮು ಒಂದು ಕ್ಷಣ ಕಪ್ಪಾಗಿ, ಬಿಳಿಯಾಯಿತು. ಹಳದಿ ಸಾಲು ಹೋಗಿತ್ತು. ನನಗೆ ಸಂತೋಷವಾಗಲಿಲ್ಲ. ಅತ್ತೆಯದು ನೀಲಿಯಾಗಿದ್ದರೆ ಈಗ ಅವರ ಕಾಲಿನಿಂದ ದಾರಿ ಇಳಿದುಹೋಗಿರುತ್ತದೆ. ಅರ್ಧ ದಾರಿಯಲ್ಲಿ ಹಾಗಾದವರು ಎಲ್ಲಿಗೆ ಮರಳುತ್ತಾರೆ ಎಂದು ಪದ್ಮರಾಜನನ್ನು ಕೇಳಲು ಧೈರ್ಯ ಬರಲಿಲ್ಲ. ಇಬ್ಬರೂ ಕಟ್ಟೆಯ ಮೇಲೆ ಕೂತೆವು. ಅತ್ತ ಹೋಗುತ್ತಿದ್ದ ದರ್ಜಿ, "ಇವತ್ತು ಕಟ್ಟೇನಾ ಮೇಡಂ?" ಎಂದು ಕೇಳಿದ. ಹೂಂ ಎಂದೆ.

ಅತ್ತೆ ಬಂದದ್ದು ನಾನು ಅದುವರೆಗೆ ಕಾಲಿಟ್ಟೇ ಇರದ ಒಂದು ಓಣಿಯಿಂದ. ನಿಧಾನವಾಗಿ ನಡೆಯುತ್ತಿದ್ದರು. ಸೀರೆಯ ಅಂಚಿಗೆ ಕೆಮ್ಮಣ್ಣು ಮೆತ್ತಿತ್ತು.

"ಎಲ್ಲಿ ಹೋಗಿದ್ರಿ?"

"ಸುಮ್ನೆ."

"ಜುಲೇಖಮ್ಮ ಇವತ್ತು ಜಗಳ ಆಡ್ಲೇ ಇಲ್ವಂತೆ."

"ಅದಕ್ಕೇ ಎದ್ದೆ. ಜಗಳ ಇಲ್ದೇನೂ ಎದ್ದು ಬರೋಕಾಗತ್ತಾ ಅಂತ ನೋಡ್ಬೇಕಿತ್ತು."

"ಕಾರ್ಡು, ಅತ್ತೆ?"

ಅವರು ಎಲೆಅಡಿಕೆ ಚೀಲದಿಂದ ಕಾರ್ಡನ್ನು ತೆಗೆದು ನನ್ನ ಅಂಗೈಗೆ ಹಾಕಿದರು. ಸ್ವಲ್ಪ ಸುಣ್ಣ ಅಂಟಿತ್ತು. "ಹೊರಡೋಕೆ ಮುಂಚೇನೆ ತೆಗ್ದೆ. ಬೆರಳಿಗೆ ಸಿಗ್ಲಿಲ್ಲ, ಜುಲೇಖಾ ಹೇರ್‌ಪಿನ್ ಹಾಕಿ ಎಬ್ಬಿಸಿಕೊಟ್ಲು. ಆಫ್ ಮಾಡಿ ಆನೂ ಮಾಡಿದೀವಿ. ದಿನಾ ನೀನು ಮಾಡೋದನ್ನ ನೋಡ್ತಾ ಇರಲ್ವಾ? ನನ್ನ ಕೈ ನಡುಗತ್ತೆ, ಕಣ್ಣಲ್ಲ." ಪದ್ಮರಾಜನನ್ನು ನೋಡಿ, "ಏಳೋ ಆ ಕಡೆ," ಎಂದು ಕಟ್ಟೆಯ ಮೇಲೆ ಕೂತು, ಚಪ್ಪಲಿ ಕಳಚಿ ಪಾದ ತಿಕ್ಕಿಕೊಳ್ಳತೊಡಗಿದರು.

ಅವರ ಗೇಮನ್ನು ತೆಗೆದು ನೋಡಿದೆ. ಪರದೆ ಬಿಳಿಯಾಗಿತ್ತು. ವರದಿ ಒಪ್ಪಿತವಾದ ಮೇಲೆ ಗೇಮು ಆ ದಿನ ನಾವು ನಮ್ಮ ಕಾಲಲ್ಲಿ ನಡೆದ ದೂರವನ್ನು ಪರದೆಯ ಕೆಳಗೆ ತೋರಿಸುತ್ತದೆ; ಇನ್ನೊಬ್ಬರ ಕೈ ಹಿಡಿದು ನಡೆದದ್ದು ಅದರಲ್ಲಿ ಸೇರುವುದಿಲ್ಲ. ಆ ದಿನದ ಓಣಿಗಳಲ್ಲಿ ನಮ್ಮ ಮನೆಯಿಂದ ಜುಲೇಖಾರ ಮನೆಗೆ ಒಂದು ಕಿಲೋಮೀಟರು ಕೂಡ ಇರಲಿಲ್ಲ. ಅತ್ತೆಯ ಪರದೆಯಲ್ಲಿದ್ದದ್ದು ಏಳು ಕಿಲೋಮೀಟರು, ಇನ್ನೂರ ಎಂಬತ್ತು ಮೀಟರು.